ಬೆಂಕಿ ಬೀಳುವ ಮೊದಲೇ ಬಾವಿ



ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯಲ್ಲಿರುವ ನಿಮಗೆ 2005ರ ಜುಲೈ 26ರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿ.ಮೀ. ಮಳೆ ಸುರಿಯಿತು. ಇತ್ತ ಉಲ್ಹಾಸ್ ನದಿ ಉಕ್ಕಿ ಬದಲಾಪುರ, ಕಲ್ಯಾಣದ ತಗ್ಗು ಪ್ರದೇಶಗಳಿಗೆ ನೀರು ನುಗ್ಗಿತು. ಅಂಥ ಹೊತ್ತಿನಲ್ಲಿ ಬೇಕಾಗುವುದು ದೋಣಿ, ಡೀಸೆಲ್ ಪಂಪು, ಜನರೇಟರು, ಕ್ರೇನು, ಜೆಸಿಬಿ. ಇವೆಲ್ಲ ಸಾಕಷ್ಟು ಸಂಖ್ಯೆಯಲ್ಲಿ ಸರ್ಕಾರದ ಬಳಿ ಇರುವುದಿಲ್ಲ. ಕಾರ್ಖಾನೆಗಳ ಅಂಗಳದಲ್ಲಿ, ಗುತ್ತಿಗೆದಾರರ ಶೆಡ್ಡಿನಲ್ಲಿ ಇರುತ್ತವೆ. ಯಾವುದು ಯಾರ ಬಳಿ ಇದೆ, ನಡೆಸುವವರು ಯಾರು ಎಂದು ಮೊದಲೇ ಬರೆದಿಡುವ ಪ್ರಯತ್ನಕ್ಕೂ ಒಂದು ಇತಿಹಾಸವಿದೆ. ಅದರ ಒಂದು ಎಳೆ ನಮ್ಮ ನೆರೆಯಲ್ಲೇ ಇದೆ.

1984ರ ಡಿಸೆಂಬರಿನ ಭೋಪಾಲ್ ಅನಿಲ ದುರಂತ ಕಲಿಸಿದ ಪಾಠ ದೊಡ್ಡದು. ಕಾರ್ಖಾನೆಯ ಅಪಾಯ ಕಾಂಪೌಂಡಿನ ಒಳಗೇ ನಿಲ್ಲುವುದಿಲ್ಲ. 1989ರ ನಿಯಮಗಳು ಅಪಾಯಕಾರಿ ರಾಸಾಯನಿಕ ಬಳಸುವ ದೊಡ್ಡ ಘಟಕಗಳಿಗೆ ತುರ್ತು ಯೋಜನೆಯನ್ನು ಕಡ್ಡಾಯ ಮಾಡಿದವು. 1996ರ ನಿಯಮಗಳು ಕೇಂದ್ರದಿಂದ ಸ್ಥಳೀಯ ಮಟ್ಟದವರೆಗೆ ಬಿಕ್ಕಟ್ಟು ನಿರ್ವಹಣಾ ಸಮಿತಿಗಳನ್ನು ರಚಿಸಿ, ಅಧಿಕಾರಿಗಳ ಜೊತೆ ಕಾರ್ಖಾನೆಯವರನ್ನೂ ಕೂರಿಸಿದವು.

ನಮ್ಮ ಠಾಣೆ–ಬೇಲಾಪುರ ಪಟ್ಟಿಯ ಕಾರ್ಖಾನೆಗಳು ಕಟ್ಟಿಕೊಂಡ ಏರ್ಪಾಡಿನ ಹೆಸರು ‘ಮ್ಯೂಚುಯಲ್ ಏಡ್ ರೆಸ್ಪಾನ್ಸ್ ಗ್ರೂಪ್’. ಚಿಕ್ಕದಾಗಿ ‘ಮಾರ್ಗ್’. ಒಬ್ಬರಿಗೆ ಕಷ್ಟ ಬಂದರೆ ನೆರೆಯ ಕಾರ್ಖಾನೆಯ ಸಲಕರಣೆ, ತರಬೇತಾದ ಸಿಬ್ಬಂದಿ ನೆರವಿಗೆ ಬರಬೇಕೆಂಬುದೇ ಇದರ ತಿರುಳು. ಮಾರುಕಟ್ಟೆಯಲ್ಲಿ ಪೈಪೋಟಿ ಇರಲಿ, ಬೆಂಕಿಯ ಮುಂದೆ ಬೇಡ!

ಮುಂದೆ 1993ರ ಲಾತೂರ್, 2001ರ ಭುಜ್ ಭೂಕಂಪಗಳು ಬಂದವು. ಅವಶೇಷದಡಿ ಸಿಕ್ಕವರಿಗೆ ಪ್ರತಿ ಗಂಟೆಯೂ ಪ್ರಾಣದ ಪ್ರಶ್ನೆ. ಗ್ಯಾಸ್ ಕಟ್ಟರ್ ಎಲ್ಲಿದೆ ಎಂದು ಆಗ ಹುಡುಕುತ್ತ ಕೂರಲಾಗದು. 2003ರಲ್ಲಿ ಕೇಂದ್ರ ಗೃಹ ಸಚಿವಾಲಯವು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಸಹಾಯದಿಂದ ‘ಇಂಡಿಯಾ ಡಿಸಾಸ್ಟರ್ ರಿಸೋರ್ಸ್ ನೆಟ್‌ವರ್ಕ್’ ಆರಂಭಿಸಿತು. ಜಿಲ್ಲೆವಾರು ಸಲಕರಣೆ, ನುರಿತ ಜನರ ವಿವರಗಳನ್ನು ಗಣಕಯಂತ್ರದಲ್ಲಿ ಕೂಡಿಸಿಡುವ ವ್ಯವಸ್ಥೆ ಇದು.

2004ರ ಸುನಾಮಿಯ ನಂತರ, 2005ರ ಡಿಸೆಂಬರಿನಲ್ಲಿ ವಿಪತ್ತು ನಿರ್ವಹಣಾ ಕಾಯ್ದೆ ಬಂತು. ಅದರ 65ನೇ ಕಲಮಿನಂತೆ ತುರ್ತಿನಲ್ಲಿ ಖಾಸಗಿಯವರ ವಾಹನ, ಸಂಪನ್ಮೂಲ, ಜಾಗಗಳನ್ನು ಸರ್ಕಾರ ವಶಕ್ಕೆ ಪಡೆಯಬಹುದು. 66ನೇ ಕಲಮು ಪರಿಹಾರದ್ದು. ಮೊತ್ತ ಒಪ್ಪಿಗೆಯಾಗದಿದ್ದರೆ 30 ದಿನಗಳೊಳಗೆ ಮಧ್ಯಸ್ಥಗಾರರ ನೇಮಕಕ್ಕೆ ಅರ್ಜಿ ಹಾಕಬಹುದು. ಲಾರಿ ಮಾಲೀಕರೇ, ಇದು ನಿಮಗೆ ತಿಳಿದಿರಲಿ.

ಆದರೆ ಕಾನೂನು ಕೊಡುವುದು ಅಧಿಕಾರವನ್ನು, ಪಂಪನ್ನಲ್ಲ. ಪಟ್ಟಿಯಲ್ಲಿರುವ ಪಂಪು ಕೆಟ್ಟಿರಬಹುದು, ಚಾಲಕ ಊರಿಗೆ ಹೋಗಿರಬಹುದು, ಫೋನ್ ನಂಬರ್ ಬದಲಾಗಿರಬಹುದು. ಜಿಲ್ಲೆಯೇ ಬದಲಾಗುತ್ತದೆ: 2014ರ ಆಗಸ್ಟ್ 1ರಂದು ಪಾಲ್ಘರ್ ನಮ್ಮ ಠಾಣೆಯಿಂದ ಬೇರೆಯಾಯಿತು. ಹಳೆಯ ಪಟ್ಟಿ ಹಳೆಯ ಪಂಚಾಂಗವಿದ್ದಂತೆ.

ಪರೀಕ್ಷೆಗಳಂತೂ ನಿಂತಿಲ್ಲ. 2016ರ ಮೇ 26ರಂದು ಡೊಂಬಿವಲಿ ಎಂಐಡಿಸಿಯಲ್ಲಿ ರಾಸಾಯನಿಕ ಕಾರ್ಖಾನೆ ಸ್ಫೋಟಿಸಿ 12 ಜನ ಸತ್ತರು. 2024ರ ಮೇ 23ರಂದು ಅಲ್ಲೇ ಮತ್ತೊಂದು ಸ್ಫೋಟ. 2019ರ ಜುಲೈ 27ರಂದು ಕೊಲ್ಹಾಪುರದ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಬದಲಾಪುರ–ವಾಂಗಣಿ ನಡುವೆ ನೀರಿನಲ್ಲಿ ಸಿಕ್ಕಿಕೊಂಡಾಗ ಮಾತ್ರ, ದೋಣಿಗಳು ತಲುಪಿ, ಸುಮಾರು 1050 ಪ್ರಯಾಣಿಕರು ಪಾರಾದರು.

ನಿಮ್ಮಲ್ಲಿ ಕಾರ್ಖಾನೆಯ ಸೂಪರ್‌ವೈಸರ್‌ಗಳಿದ್ದೀರಿ, ಹೋಟೆಲು ನಡೆಸುವವರಿದ್ದೀರಿ. ನಿಮ್ಮ ಜನರೇಟರು, ಟೆಂಪೊ, ದೊಡ್ಡ ಅಡುಗೆಮನೆ ಇವೆಲ್ಲವೂ ಪರಿಹಾರದ ಸಾಮಗ್ರಿಯೇ. ಪ್ರತಿ ಮೇ ತಿಂಗಳಲ್ಲಿ, ಮಳೆಗೆ ಮೊದಲು, ನಿಮ್ಮಲ್ಲಿ ಏನಿದೆ ಎಂದು ಪಾಲಿಕೆಯ ಅಥವಾ ಜಿಲ್ಲಾಧಿಕಾರಿ ಕಚೇರಿಯ ವಿಪತ್ತು ವಿಭಾಗಕ್ಕೆ ಬರೆದುಕೊಡಿ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೇನು ಬಂತು? ಬಾವಿ ಎಲ್ಲಿದೆ ಎಂದು ಇಂದೇ ಗುರುತು ಹಾಕೋಣ.