ಥೋವಾ ಖಾಲ್ಸಾದ ಬಾವಿ

ಹಳ್ಳಿಯ ಬಾವಿ ಎಂದರೆ ಹೆಂಗಸರ ಜಾಗ. ನೀರು ಸೇದುವ ನೆಪದಲ್ಲಿ ಸುಖದುಃಖ ಹಂಚಿಕೊಳ್ಳುವ ಕಟ್ಟೆ. ಅಂಥ ಬಾವಿಯೊಂದು ಊರ ಹೆಂಗಸರನ್ನೇ ನುಂಗಿದ್ದನ್ನು ನಾನು ಮೊದಲು ಕಂಡದ್ದು 1988ರಲ್ಲಿ, ದೂರದರ್ಶನದ ‘ತಮಸ್’ ಧಾರಾವಾಹಿಯಲ್ಲಿ. ಅದಕ್ಕೆ ಆಧಾರ, ರಾವಲ್ಪಿಂಡಿಯಲ್ಲಿ ಹುಟ್ಟಿದ ಭೀಷ್ಮ ಸಾಹ್ನಿಯವರ ಕಾದಂಬರಿ. ಅದು ಬರೀ ಕಟ್ಟುಕತೆಯಲ್ಲ ಎಂದು ತಿಳಿದದ್ದು ಆಮೇಲೆ.

ಥೋವಾ ಖಾಲ್ಸಾ ಇರುವುದು ಈಗ ಪಾಕಿಸ್ತಾನಕ್ಕೆ ಸೇರಿರುವ ರಾವಲ್ಪಿಂಡಿ ಸೀಮೆಯಲ್ಲಿ. ಅಂದು ಅಲ್ಲಿ ಸಿಖ್ಖರ ಮನೆಗಳು ಬಹಳ. ಸುತ್ತಲ ಸೀಮೆಯಲ್ಲಿ ಮುಸಲ್ಮಾನರು ಹೆಚ್ಚು. 1947ರ ಮಾರ್ಚ್ 2ರಂದು ಪಂಜಾಬಿನ ಖಿಜರ್ ಹಯಾತ್ ಖಾನರ ಸಂಪುಟ ರಾಜೀನಾಮೆ ಕೊಟ್ಟಿತು. ಅಧಿಕಾರ ಯಾರಿಗೆ, ದೇಶ ಯಾರದು ಎಂಬ ಲಾಹೋರಿನ ಜಗಳ ಕೆಲವೇ ದಿನಗಳಲ್ಲಿ ಹಳ್ಳಿಗಳಿಗೆ ಇಳಿಯಿತು. ಗುಂಪುಗಳು ಊರನ್ನು ಮುತ್ತಿದವು. ಹೆಣ್ಣುಮಕ್ಕಳು ಶತ್ರುಗಳ ಕೈಗೆ ಸಿಕ್ಕಾರೆಂಬ ಭಯದಿಂದ ಕೆಲವು ಮನೆಗಳ ಗಂಡಸರು ಅವರನ್ನು ತಾವೇ ಕಡಿದರು. ಸುಮಾರು 90 ಹೆಂಗಸರು ಬಾವಿಗೆ ಹಾರಿದರು, ಕೆಲವರು ಕಂಕುಳಲ್ಲಿ ಮಕ್ಕಳನ್ನು ಎತ್ತಿಕೊಂಡು. ಬಾವಿ ಹೆಣಗಳಿಂದ ತುಂಬಿದ್ದರಿಂದ ಕೊನೆಗೆ ಹಾರಿದ ಕೆಲವರು ಮುಳುಗಲಿಲ್ಲ.

ಸತ್ತವರನ್ನು ಹುತಾತ್ಮರೆಂದು ಸ್ಮರಿಸುತ್ತಾರೆ. ನನ್ನನ್ನು ಕಾಡುವುದು ಮುಳುಗದೆ ಉಳಿದವರ ಬಾಳು. ಎಲ್ಲರೂ ಸತ್ತಿರುವಾಗ ತಾನು ಬದುಕಿದ್ದಕ್ಕೆ ಅವಳು ಯಾರಿಗೆ ಏನೆಂದು ಉತ್ತರ ಕೊಟ್ಟಾಳು? ಅಂಥವರ ಮಾತನ್ನು ಕೂತು ಕೇಳಿ, ಊರ್ವಶಿ ಬುಟಾಲಿಯಾ 1998ರಲ್ಲಿ ಪುಸ್ತಕವಾಗಿ ತಂದರು. ಅದನ್ನು ಓದಿದ ಮೇಲೆ ‘ತಾವಾಗಿಯೇ ಪ್ರಾಣ ಬಿಟ್ಟರು’ ಎಂಬ ಮಾತನ್ನು ನನಗೆ ಸುಲಭವಾಗಿ ಆಡಲಾಗುತ್ತಿಲ್ಲ. ಆ ಹೊತ್ತಿನಲ್ಲಿ ‘ನಾನು ಸಾಯಲಾರೆ’ ಎಂದು ಹೇಳುವ ಧೈರ್ಯ ಯಾವ ಸೊಸೆಗೆ, ಯಾವ ಮಗಳಿಗೆ ಬಂದೀತು?

ಇದು ಒಂದೇ ಮತದವರ ಕತೆಯಲ್ಲ. ಅದೇ ವರ್ಷ ಆಗಸ್ಟಿನಲ್ಲಿ ಪೂರ್ವ ಪಂಜಾಬಿನ ಮುಸಲ್ಮಾನ ಹೆಂಗಸರೂ ಇದೇ ನರಕ ಕಂಡರು. ಎರಡೂ ಕಡೆ ಸೇರಿ ಅಪಹರಣಕ್ಕೆ ಒಳಗಾದವರು ಸುಮಾರು 75,000 ಎಂಬ ಅಂದಾಜಿದೆ. ಅವರನ್ನು ಹುಡುಕಿ ತರಲು 1949ರಲ್ಲಿ ಭಾರತ ಕಾಯ್ದೆಯನ್ನೂ ಮಾಡಿತು. ಆದರೆ ಸಿಕ್ಕವಳು ಯಾವ ದೇಶಕ್ಕೆ ಸೇರಬೇಕೆಂದು ತೀರ್ಮಾನಿಸುವಾಗ ಅವಳ ಇಷ್ಟವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಕೊಲ್ಲಲು ಬಂದವರೂ ಕಾಪಾಡಲು ನಿಂತವರೂ ಒಂದು ವಿಷಯದಲ್ಲಿ ಒಂದೇ ಮಾತಿನವರು: ಊರಿನ ಮಾನ ಇರುವುದು ಹೆಣ್ಣಿನ ಮೈಯಲ್ಲಿ. ನಾವೂ ನಮ್ಮ ಹೆಣ್ಣುಮಕ್ಕಳಿಗೆ ‘ಮನೆತನದ ಮಾನ ನಿನ್ನ ಕೈಲಿದೆ’ ಎಂದು ದಿನವೂ ಹೇಳುತ್ತೇವಲ್ಲ, ಗಲಭೆಯ ದಿನ ಆ ಮಾತಿನ ಬೆಲೆ ತೆರಬೇಕಾದವರು ಅವರೇ.