ಹೊಸ ಮರಿಯನ್ನು ಮನೆಯ ಬೆಕ್ಕಿನ ಮುಂದೆ ತಂದು ಬಿಟ್ಟರೆ ಎರಡೇ ದಿನದಲ್ಲಿ ಹೊಂದಿಕೊಳ್ಳುತ್ತವೆಯೇ?

ಅರ್ಧ ನಿಮಿಷದ ವಿಡಿಯೊಗಳು ಆಗಾಗ ಫಾರ್ವರ್ಡ್ ಆಗಿ ಬರುತ್ತಿರುತ್ತವೆ. ಅಂಗೈಯಗಲದ ಬೆಕ್ಕಿನ ಮರಿಯೊಂದನ್ನು ಮನೆಯ ದೊಡ್ಡ ಬೆಕ್ಕಿನ ಎದುರು ನೆಲಕ್ಕೆ ಬಿಡುತ್ತಾರೆ. ದೊಡ್ಡದು ಬುಸ್ಸೆನ್ನುತ್ತದೆ, ಕಿವಿ ಮಡಚಿ ಹಿಂದೆ ಸರಿಯುತ್ತದೆ. ಮುಂದಿನ ದೃಶ್ಯದಲ್ಲಿ ಎರಡೂ ಸೋಫಾ ಮೇಲೆ ತಬ್ಬಿಕೊಂಡು ಮಲಗಿರುತ್ತವೆ. ಜೊತೆಗೊಂದು ಸಲಹೆ: ಬೆಕ್ಕುಗಳ ನಡುವೆ ನಾವು ತಲೆ ಹಾಕಬಾರದು, ಒಂದೆರಡು ಏಟು ಬಿದ್ದ ಮೇಲೆ ತಾವೇ ಹೊಂದಿಕೊಳ್ಳುತ್ತವೆ.

ಬುಸ್ಸೆಂದ ಕ್ಷಣಕ್ಕೂ ತಬ್ಬಿ ಮಲಗಿದ ಕ್ಷಣಕ್ಕೂ ನಡುವೆ ಎಷ್ಟು ವಾರ ಕಳೆದವು ಎಂದು ವಿಡಿಯೊ ಹೇಳುವುದಿಲ್ಲ. ಕತ್ತರಿ ಬಿದ್ದಿರುವುದು ಅಲ್ಲೇ.

ಈ ಸಲಹೆ ತಪ್ಪು. ಕೆಲವು ಮನೆಗಳಲ್ಲಿ ಅದೃಷ್ಟಕ್ಕೆ ಎಲ್ಲ ಸರಿಹೋಗುತ್ತದೆ ನಿಜ. ಆದರೆ ಆಶ್ರಯತಾಣದಿಂದ ಹೊಸ ಬೆಕ್ಕನ್ನು ತಂದ ಮನೆಗಳನ್ನು ಕುರಿತು 2005ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಸುಮಾರು ಅರ್ಧದಷ್ಟು ಮಂದಿ ಶುರುವಿನಲ್ಲಿ ಕಚ್ಚಾಟ, ಪರಚಾಟ ನಡೆಯಿತು ಎಂದಿದ್ದರು. ಬೆಕ್ಕುಗಳು ಗಂಡೋ ಹೆಣ್ಣೋ, ವಯಸ್ಸೆಷ್ಟು ಎನ್ನುವುದಕ್ಕಿಂತ ಮೊದಲ ಭೇಟಿ ಹೇಗೆ ನಡೆಯಿತು ಎನ್ನುವುದಕ್ಕೆ ಮುಂದಿನ ಜಗಳದೊಂದಿಗೆ ಹೆಚ್ಚು ನಂಟು ಕಂಡಿತ್ತು. ನಂಟು ಎಂದ ಮಾತ್ರಕ್ಕೆ ಅದೇ ಕಾರಣ ಎಂದಲ್ಲ. ಸ್ವಭಾವದಲ್ಲೇ ಹೊಂದದ ಬೆಕ್ಕುಗಳು ಮೊದಲ ದಿನವೂ ಜಗಳವಾಡಿರಬಹುದು. ಆದರೂ ಇಡೀ ವಿಷಯದಲ್ಲಿ ನಮ್ಮ ಕೈಯಲ್ಲಿರುವುದು ಆ ಮೊದಲ ಭೇಟಿಯೊಂದೇ.

ಬೆಕ್ಕಿಗೆ ‘ನಮ್ಮವರು’ ಎಂದರೆ ವಾಸನೆ

ನಾಯಿಯ ಪೂರ್ವಜ ತೋಳ, ಗುಂಪಾಗಿ ಬೇಟೆಯಾಡುವ ಪ್ರಾಣಿ. ಬೆಕ್ಕಿನ ಪೂರ್ವಜ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಕಾಡುಬೆಕ್ಕು. ಅದು ಒಂಟಿ ಬೇಟೆಗಾರ, ತನ್ನ ಜಾಗವನ್ನು ತಾನೇ ಕಾಯುತ್ತದೆ. ಹಾಗೆಂದು ಮನೆಬೆಕ್ಕು ಯಾರೊಂದಿಗೂ ಕೂಡಿ ಬಾಳುವುದಿಲ್ಲ ಎಂದಲ್ಲ. ಮೀನು ಮಾರುಕಟ್ಟೆಯಂತಹ ಕಡೆ, ತಿನ್ನಲು ಧಾರಾಳವಾಗಿ ಸಿಗುವಲ್ಲಿ ಬೆಕ್ಕುಗಳು ಗುಂಪು ಕಟ್ಟುತ್ತವೆ. ಆದರೆ ಆ ಗುಂಪಿನ ತಿರುಳು ತಾಯಿ, ಮಗಳು, ಅಕ್ಕ, ತಂಗಿಯರ ಬಳಗ. ಹೊರಗಿನಿಂದ ಬಂದ ಬೆಕ್ಕನ್ನು ಅವು ಓಡಿಸುತ್ತವೆ.

ಒಳಗಿನವರು ಯಾರು, ಹೊರಗಿನವರು ಯಾರು ಎಂದು ಗೊತ್ತಾಗುವುದು ಮುಖ್ಯವಾಗಿ ಮೂಗಿನಿಂದ. ಬೆಕ್ಕಿನ ಕೆನ್ನೆ, ಗಲ್ಲ, ಹಣೆ, ಬಾಲದ ಬುಡ, ಅಂಗಾಲುಗಳಲ್ಲಿ ವಾಸನೆಯ ಗ್ರಂಥಿಗಳಿವೆ. ನೀವು ಆಫೀಸಿನಿಂದ ಬಂದಾಗ ಅದು ಕಾಲಿಗೆ ಕೆನ್ನೆ ಉಜ್ಜುತ್ತದಲ್ಲ, ಅದು ಬರೀ ಮುದ್ದಲ್ಲ. ಹೊರಗಿನ ವಾಸನೆ ಹೊತ್ತು ಬಂದ ನಿಮ್ಮ ಮೇಲೆ ಮನೆಯ ಮುದ್ರೆಯನ್ನು ಮತ್ತೆ ಒತ್ತುವ ಕೆಲಸವೂ ಹೌದು. ಬಾಗಿಲ ಚೌಕಟ್ಟು, ಕುರ್ಚಿಯ ಕಾಲು, ಸೋಫಾ, ಎಲ್ಲಕ್ಕೂ ಅದೇ ಮುದ್ರೆ ಬಿದ್ದಿರುತ್ತದೆ. ಒಂದೇ ಗುಂಪಿನ ಬೆಕ್ಕುಗಳು ಪರಸ್ಪರ ಮೈ ಉಜ್ಜಿಕೊಂಡು ಎಲ್ಲರಿಗೂ ಸೇರಿದ ಒಂದು ವಾಸನೆಯನ್ನು ಕಾಪಾಡಿಕೊಳ್ಳುತ್ತವೆ. ಎರಡು ಬೆಕ್ಕಿರುವ ಮನೆಯಲ್ಲಿ ಒಂದನ್ನು ಪಶುವೈದ್ಯರ ಬಳಿ ತೋರಿಸಿ ತಂದಾಗ ಇನ್ನೊಂದು ಅದಕ್ಕೇ ಬುಸುಗುಟ್ಟುವುದುಂಟು. ಮುಖ ಅದೇ, ಆದರೆ ವಾಸನೆ ಆಸ್ಪತ್ರೆಯದು.

ಈಗ ಮರಿಯ ವಿಷಯಕ್ಕೆ ಬನ್ನಿ. ನಮಗೆ ಅದು ಚರಂಡಿ ಪಕ್ಕ ಸಿಕ್ಕ ಪಾಪದ ಕೂಸು. ಹಳೆಯ ಬೆಕ್ಕಿನ ಮೂಗಿಗೆ ಅದು ಅಪ್ಪಣೆಯಿಲ್ಲದೆ ಒಳಗೆ ಬಂದ ಹೊರಗಿನವನು.

ನಾನೂ ಆ ‘ಬಿಟ್ಟುಬಿಡಿ’ ಸಲಹೆಯನ್ನು ನಂಬಿದವಳೇ. ನಮ್ಮ ಮನೆಯ ಆರು ವರ್ಷದ ಹೆಣ್ಣು ಬೆಕ್ಕಿನ ಮುಂದೆ ಎರಡು ತಿಂಗಳ ಮರಿಯನ್ನು ಇಳಿಸಿ, ಫೋನ್ ಕ್ಯಾಮೆರಾ ಹಿಡಿದು ಕೂತಿದ್ದೆ. ದೊಡ್ಡದು ಬೀರುವಿನ ಮೇಲೆ ಹತ್ತಿ ಕೂತಿದ್ದು ಎರಡು ದಿನ ಸರಿಯಾಗಿ ಕೆಳಗಿಳಿಯಲಿಲ್ಲ. ಮೂರನೆಯ ದಿನ ನನ್ನ ಹಾಸಿಗೆಯ ಮೇಲೆ ಮೂತ್ರ ಮಾಡಿತು. ‘ಹೊಟ್ಟೆಕಿಚ್ಚು’ ಎಂದು ಮನೆಯವರೆಲ್ಲ ನಕ್ಕರು. ಅದು ಹೆದರಿಕೆ ಎಂದು ಪಶುವೈದ್ಯರು ಹೇಳಿದ ಮೇಲೆ ಮರಿಯನ್ನು ಕೋಣೆಗೆ ಸೇರಿಸಿ ಮೊದಲಿನಿಂದ ಶುರುಮಾಡಿದೆವು. ಎರಡೂ ಒಂದೇ ಕೋಣೆಯಲ್ಲಿ ನಿಶ್ಚಿಂತೆಯಿಂದ ಮಲಗಲು ಐದು ವಾರ ಬೇಕಾಯಿತು.

ಬೇರೆ ಕೋಣೆ ಏಕೆ? ಎರಡು ಕಾರಣ

ಮೊದಲನೆಯದು ರೋಗ. ಬೀದಿಯಲ್ಲಿ ಸಿಕ್ಕ ಮರಿ ನೋಡಲು ಗಟ್ಟಿಮುಟ್ಟಾಗಿದ್ದರೂ ಒಳಗೆ ಪ್ಯಾನ್‌ಲ್ಯುಕೊಪೀನಿಯಾ ವೈರಾಣು ಇರಬಹುದು. ವಾಂತಿ, ಭೇದಿ, ಜ್ವರ ಬಂದು ಬಿಳಿ ರಕ್ತಕಣಗಳು ಕುಸಿಯುವ ಈ ಕಾಯಿಲೆಯಲ್ಲಿ ಲಸಿಕೆಯಾಗದ ಮರಿಗಳು ಹೆಚ್ಚಾಗಿ ಸಾಯುತ್ತವೆ. ಸೋಂಕು ತಗುಲಿ ಲಕ್ಷಣ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಎರಡರಿಂದ ಹತ್ತು ದಿನ ಹಿಡಿಯುತ್ತದೆ. ಆದ್ದರಿಂದ ಎರಡು ವಾರ ಬೇರೆ ಇಡುವುದು ಕ್ಷೇಮ. ಈ ವೈರಾಣು ನೆಲ, ಬಟ್ಟೆ, ಪಾತ್ರೆಗಳಲ್ಲಿ ಒಂದು ವರ್ಷದವರೆಗೂ ಬದುಕಿರಬಲ್ಲದು. ಹಿಂದೊಮ್ಮೆ ಮನೆಯಲ್ಲಿ ಮರಿಯೊಂದು ಹೀಗೆ ಸತ್ತಿದ್ದರೆ, ಲಸಿಕೆಯಾಗದ ಇನ್ನೊಂದು ಮರಿಯನ್ನು ಅಲ್ಲಿಗೆ ತರಬೇಡಿ.

ಇಲ್ಲೊಂದು ಮಾತು. ಮರಿಯಿದ್ದ ಕೋಣೆಯನ್ನು ಫಿನಾಯಿಲ್ ಹಾಕಿ ಒರೆಸಬೇಡಿ. ಫೀನಾಲ್ ಜಾತಿಯ ರಾಸಾಯನಿಕಗಳನ್ನು ಬೆಕ್ಕಿನ ಪಿತ್ತಜನಕಾಂಗ ನಮ್ಮದರಂತೆ ಅರಗಿಸಿ ಹೊರಹಾಕಲಾರದು. ಒರೆಸಿದ ನೆಲದ ಮೇಲೆ ನಡೆದು ಪಾದ ನೆಕ್ಕಿಕೊಂಡರೂ ವಿಷವೇರಬಹುದು. ನೆಲವನ್ನು ಮೊದಲು ಸೋಪು ನೀರಿನಲ್ಲಿ ತೊಳೆಯಿರಿ. ಆಮೇಲೆ ಬಟ್ಟೆಗೆ ಬಳಸುವ ದ್ರವ ಬ್ಲೀಚನ್ನು ಒಂದು ಭಾಗಕ್ಕೆ ಮೂವತ್ತರಷ್ಟು ನೀರು ಬೆರೆಸಿ ಹತ್ತು ನಿಮಿಷ ಬಿಟ್ಟು, ಚೆನ್ನಾಗಿ ತೊಳೆದು ಒಣಗಿಸಿ. ಅಲ್ಲಿಯವರೆಗೆ ಬೆಕ್ಕುಗಳು ದೂರವಿರಲಿ.

ಮರಿಯನ್ನು ತಂದ ವಾರದಲ್ಲೇ ಪಶುವೈದ್ಯರಿಗೆ ತೋರಿಸಿ. ಆರರಿಂದ ಎಂಟು ವಾರದ ವಯಸ್ಸಿಗೆ ಶುರುವಾಗುವ ಲಸಿಕೆಯನ್ನು ಮೂರ್ನಾಲ್ಕು ವಾರಕ್ಕೊಮ್ಮೆ, ಹದಿನಾರು ವಾರ ತುಂಬುವವರೆಗೆ ಕೊಡಬೇಕಾಗುತ್ತದೆ. ಹನ್ನೆರಡು ವಾರ ಕಳೆದ ಮೇಲೆ ರೇಬೀಸ್ ಲಸಿಕೆ. ಎಂಜಲಿನಿಂದ ಹರಡುವ ಬೆಕ್ಕಿನ ಲ್ಯುಕೀಮಿಯಾ ವೈರಾಣುವಿನ ಪರೀಕ್ಷೆ ನಿಮ್ಮ ಊರಿನಲ್ಲಿ ಸಿಗುವುದಾದರೆ ಅದನ್ನೂ ಕೇಳಿ. ಹಳೆಯ ಬೆಕ್ಕಿನ ಲಸಿಕೆ ಬಾಕಿ ಇದ್ದರೆ ಅದಕ್ಕೂ ಇದೇ ಸಮಯ.

ಎರಡನೆಯ ಕಾರಣವೇ ಪರಿಚಯ. ಕೋಣೆಯ ಬಾಗಿಲು ಮುಚ್ಚಿದ್ದರೂ ವಾಸನೆ ಅಡಿಯಿಂದ ದಾಟುತ್ತಿರುತ್ತದೆ. ಹೊಸಬ ಕಣ್ಣಿಗೆ ಬೀಳುವ ಮೊದಲೇ ಅವನ ವಾಸನೆ ಮನೆಯ ವಾಸನೆಯಲ್ಲಿ ಬೆರೆಯಬೇಕು. ಪಾಪದ ಮರಿಯನ್ನು ಕೂಡಿಹಾಕಿದ್ದಾರೆ ಎಂದು ಅಕ್ಕಪಕ್ಕದವರು ಮರುಗಬಹುದು. ನೀವು ದಿನಕ್ಕೆ ಹಲವು ಸಲ ಒಳಗೆ ಹೋಗಿ ಆಡಿಸುತ್ತಿದ್ದರೆ ಅದಕ್ಕೆ ಬೇಸರವಿಲ್ಲ; ಪುಟ್ಟ ಮರಿಗೆ ಇಡೀ ಮನೆಗಿಂತ ಒಂದು ಕೋಣೆಯೇ ಧೈರ್ಯ.

ಬಾಗಿಲ ಎರಡು ಬದಿ

ಮರಿಯ ಕೋಣೆಯಲ್ಲಿ ಅದರದೇ ನೀರು, ಊಟದ ತಟ್ಟೆ, ಮರಳಿನ ಟ್ರೇ, ಬಚ್ಚಿಟ್ಟುಕೊಳ್ಳಲು ಒಂದು ರಟ್ಟಿನ ಡಬ್ಬ ಇರಲಿ. ಒಂದು ಬೆಡ್‌ರೂಮಿನ ಮನೆಯಾದರೆ ಆ ಬೆಡ್‌ರೂಮೇ ಸಾಕು. ಹಳೆಯ ಬೆಕ್ಕು ಸದಾ ಮಲಗುವ ಜಾಗವನ್ನು ಮಾತ್ರ ಮರಿಗೆ ಬಿಟ್ಟುಕೊಡಬೇಡಿ.

ಮೊದಲ ಕೆಲವು ದಿನ ಮರಿಯನ್ನು ಮುಟ್ಟಿದ ಮೇಲೆ ಕೈ ತೊಳೆದುಕೊಂಡೇ ದೊಡ್ಡದನ್ನು ಮುಟ್ಟಿ. ಮರಿ ಆರೋಗ್ಯವಾಗಿದೆ ಎಂದು ವೈದ್ಯರು ಹೇಳಿದ ಮೇಲೆ ವಾಸನೆಯ ವಿನಿಮಯ ಶುರುಮಾಡಿ. ಒಣ ಕಾಲುಚೀಲದಿಂದ ಮರಿಯ ಕೆನ್ನೆ ಸವರಿ, ದೊಡ್ಡ ಬೆಕ್ಕು ಓಡಾಡುವಲ್ಲಿ ನೆಲದ ಮೇಲಿಡಿ. ಮೂಗಿಗೆ ಹಿಡಿಯಬೇಡಿ, ಬೇಕಾದಾಗ ಅದೇ ಬಂದು ಮೂಸಲಿ. ಇನ್ನೊಂದು ಕಾಲುಚೀಲ ದೊಡ್ಡದರಿಂದ ಮರಿಯ ಕಡೆಗೆ. ಮೊದಲ ದಿನ ಕಾಲುಚೀಲಕ್ಕೇ ಬುಸುಗುಟ್ಟಿದರೆ ಗಾಬರಿ ಬೇಡ. ಮೂಸಿ ಸುಮ್ಮನೆ ನಡೆದುಹೋದ ದಿನ ಒಂದು ಹೆಜ್ಜೆ ಮುಂದೆ ಬಂದಿರಿ.

ಆಮೇಲೆ ಊಟ. ಮುಚ್ಚಿದ ಬಾಗಿಲಿನ ಆಚೆ ಒಂದು ತಟ್ಟೆ, ಈಚೆ ಒಂದು. ಶುರುವಿಗೆ ಬಾಗಿಲಿನಿಂದ ದೂರವೇ ಇಡಿ, ದಿನಕ್ಕಿಷ್ಟು ಹತ್ತಿರ ತನ್ನಿ. ಚಿಕನ್ ಚೂರು, ಮುಳ್ಳು ತೆಗೆದ ಮೀನು, ಹೀಗೆ ದೊಡ್ಡದಕ್ಕೆ ತುಂಬ ಇಷ್ಟವಾದದ್ದನ್ನು ಈ ಹೊತ್ತಿಗೇ ಮೀಸಲಿಡಿ. ಆ ವಾಸನೆ ಬಂದಾಗಲೆಲ್ಲ ಒಳ್ಳೆಯದೇನೋ ಸಿಗುತ್ತದೆ ಎಂದು ಅದಕ್ಕೆ ಅಭ್ಯಾಸವಾಗಬೇಕು. ನಡುನಡುವೆ ದೊಡ್ಡದನ್ನು ಇನ್ನೊಂದು ಕೋಣೆಗೆ ಕಳಿಸಿ, ಮರಿಗೆ ಮನೆ ಸುತ್ತಲು ಅರ್ಧ ಗಂಟೆ ಬಿಡಿ.

ಎರಡೂ ಬಾಗಿಲ ಬಳಿ ನೆಮ್ಮದಿಯಾಗಿ ತಿನ್ನತೊಡಗಿದ ಮೇಲೆ ಕಣ್ಣಿಗೆ ಕಾಣಿಸಬಹುದು. ನಮ್ಮ ಹಲವು ಮನೆಗಳ ಸೊಳ್ಳೆ ಜಾಲರಿ ಬಾಗಿಲು ಇದಕ್ಕೆ ಹೇಳಿ ಮಾಡಿಸಿದಂತಿದೆ. ಆಮೇಲೆ ಜಾಲರಿಯಿಲ್ಲದೆ ಐದು ನಿಮಿಷ, ಹತ್ತು ನಿಮಿಷ, ನೀವು ಅಲ್ಲೇ ಇದ್ದು. ಅದಕ್ಕೂ ಮೊದಲು ಮರಿಯನ್ನು ದಾರಕ್ಕೆ ಕಟ್ಟಿದ ಗರಿಯಿಂದ ಆಡಿಸಿ ಸುಸ್ತು ಮಾಡಿ. ‘ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ’ ಅನ್ನುತ್ತೇವೆ; ಇಲ್ಲಿ ಚೆಲ್ಲಾಟ ಮರಿಯದು, ಪ್ರಾಣಸಂಕಟ ಹಿರಿಯ ಬೆಕ್ಕಿನದು. ಬಾಲಕ್ಕೆ ಹಾರುವ ಮರಿಗೆ ದೊಡ್ಡದು ಉಗುರು ಚಾಚದೆ ಒಂದು ಏಟು ಕೊಟ್ಟರೆ ಕೊಡಲಿ. ಬುಸುಗುಟ್ಟುವುದು ‘ಹತ್ತಿರ ಬರಬೇಡ’ ಎಂಬ ಎಚ್ಚರಿಕೆ. ಅದಕ್ಕಾಗಿ ಗದರಿದರೆ ಎಚ್ಚರಿಕೆ ನಿಂತು ನೇರ ಕಚ್ಚುವುದೇ ಉಳಿಯಬಹುದು.

ಆಟವೋ ಜಗಳವೋ ಎಂಬ ಗೊಂದಲ ಎಲ್ಲರಿಗೂ ಇದೆ. ಆಟದಲ್ಲಿ ಸದ್ದು ಕಡಿಮೆ, ಒಮ್ಮೆ ಇದು ಮೇಲೆ ಒಮ್ಮೆ ಅದು ಮೇಲೆ, ನಡುವೆ ವಿರಾಮವಿರುತ್ತದೆ. ಕಿವಿ ತಲೆಗೆ ಅಂಟಿ, ಕಣ್ಣಾಲಿ ಹಿಗ್ಗಿ, ಬಾಲ ಚಾವಟಿಯಂತೆ ಬಡಿಯುತ್ತಾ ನೆಟ್ಟ ನೋಟ ಬೀರುತ್ತಿದ್ದರೆ ಅಂದಿನ ಭೇಟಿ ಮುಗಿಸಿ. ಹತ್ತಿಕೊಂಡೇ ಬಿಟ್ಟರೆ ಕೈ ಹಾಕಬೇಡಿ. ನಡುವೆ ದಿಂಬು ಅಥವಾ ರಟ್ಟಿನ ಹಲಗೆ ತೂರಿಸಿ. ಕಚ್ಚಿದ್ದರೆ ಅಥವಾ ಪರಚಿ ಗಾಯವಾಗಿದ್ದರೆ ಹರಿಯುವ ನೀರು, ಸೋಪಿನಲ್ಲಿ ಹದಿನೈದು ನಿಮಿಷ ತೊಳೆದು ಅಂದೇ ವೈದ್ಯರ ಬಳಿ ಹೋಗಿ. ಅರಿಶಿನ, ಸುಣ್ಣ ಮೆತ್ತಬೇಡಿ. ರೇಬೀಸ್ ಬೆಕ್ಕಿನಿಂದಲೂ ಬರುತ್ತದೆ.

ಮರಳಿನ ಟ್ರೇ ಬೆಕ್ಕುಗಳ ಸಂಖ್ಯೆಗಿಂತ ಒಂದು ಹೆಚ್ಚಿರಲಿ, ಎರಡು ಬೆಕ್ಕಿಗೆ ಮೂರು. ಮೂರೂ ಒಂದೇ ಮೂಲೆಯಲ್ಲಿದ್ದರೆ ಬೆಕ್ಕಿನ ಲೆಕ್ಕದಲ್ಲಿ ಅದು ಒಂದೇ.

ಉಳಿದ ಕೆಲವು ಫಾರ್ವರ್ಡ್‌ಗಳು

‘ಎರಡಕ್ಕೂ ಒಂದೇ ಪೌಡರ್ ಹಚ್ಚಿ, ವಾಸನೆ ಒಂದಾಗುತ್ತದೆ.’ ಅರ್ಧ ಸತ್ಯದ ಹತ್ತಿರ ಬಂದ ಸಲಹೆ. ಆದರೆ ಬೇಕಿರುವುದು ಬೆಕ್ಕುಗಳ ಸ್ವಂತ ವಾಸನೆ, ನಮ್ಮ ಸ್ನಾನದ ಮನೆಯದಲ್ಲ. ಹಚ್ಚಿದ್ದೆಲ್ಲವನ್ನೂ ಅವು ನೆಕ್ಕುತ್ತವೆ. ಸುಗಂಧ ತೈಲಗಳಲ್ಲಿ ಹಲವು ಬೆಕ್ಕಿಗೆ ವಿಷ.

‘ಒಂದೇ ತಟ್ಟೆಯಲ್ಲಿ ಹಾಲಿಟ್ಟರೆ ಸ್ನೇಹ.’ ಬೆಕ್ಕು ಒಂಟಿಯಾಗಿ ತಿನ್ನಲು ಬಯಸುವ ಪ್ರಾಣಿ, ಒಂದೇ ತಟ್ಟೆ ಎಂದರೆ ಪೈಪೋಟಿ. ಹಸುವಿನ ಹಾಲಿನ ಲ್ಯಾಕ್ಟೋಸ್ ಬಹುತೇಕ ದೊಡ್ಡ ಬೆಕ್ಕುಗಳಿಗೆ ಅರಗುವುದಿಲ್ಲ, ಮರಿಗಳಿಗೂ ಭೇದಿಯಾಗುತ್ತದೆ.

‘ಗಂಡು ಬೆಕ್ಕು ಮರಿಯನ್ನು ಕೊಂದೇ ಕೊಲ್ಲುತ್ತದೆ.’ ಬೀದಿಯ ಗಂಡುಗಳು ತಮ್ಮದಲ್ಲದ ಎಳೆ ಮರಿಗಳನ್ನು ಕೊಂದದ್ದು ದಾಖಲಾಗಿದೆ, ಆದರೆ ಅದು ನಿಯಮವಲ್ಲ. ಸಂತಾನಹರಣ ಶಸ್ತ್ರಚಿಕಿತ್ಸೆಯಾದ ಮನೆಯ ಗಂಡು ಬೆಕ್ಕು ಎಷ್ಟೋ ಸಲ ಮರಿಯ ಜೊತೆ ಹೆಣ್ಣಿಗಿಂತ ಬೇಗ ಆಟಕ್ಕಿಳಿಯುತ್ತದೆ. ಮರಿಗೂ ಐದು ತಿಂಗಳೊಳಗೆ ಶಸ್ತ್ರಚಿಕಿತ್ಸೆ ಮಾಡಿಸಿ. ಹೆಣ್ಣು ಮರಿ ನಾಲ್ಕು ತಿಂಗಳಿಗೇ ಬೆದೆಗೆ ಬರಬಹುದು.

ಯಾವಾಗ ಕಾಯಬಾರದು

ಹಳೆಯ ಬೆಕ್ಕು ಒಂದು ಇಡೀ ದಿನ ಏನೂ ತಿನ್ನದಿದ್ದರೆ ‘ಕೋಪ ಇಳಿದ ಮೇಲೆ ತಿನ್ನುತ್ತದೆ’ ಎಂದು ಬಿಡಬೇಡಿ. ಕೆಲವು ದಿನ ಉಪವಾಸವಿದ್ದರೆ, ಅದರಲ್ಲೂ ದಪ್ಪಗಿರುವ ಬೆಕ್ಕಿಗೆ, ಪಿತ್ತಜನಕಾಂಗದಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೇ ಕುತ್ತಾಗುತ್ತದೆ. ಗಂಡು ಬೆಕ್ಕು ಪದೇಪದೇ ಟ್ರೇಗೆ ಹೋಗಿ ತಿಣುಕುತ್ತಾ ಮೂತ್ರ ಬಾರದೆ ಕೂಗಿದರೆ ಬೆಳಗಾಗುವವರೆಗೂ ಕಾಯಬೇಡಿ. ಒತ್ತಡದಿಂದ ಮೂತ್ರಕೋಶ ಊದಿಕೊಂಡು ಮೂತ್ರನಾಳ ಕಟ್ಟಿಕೊಳ್ಳುವುದುಂಟು. ಕಟ್ಟಿಕೊಂಡರೆ ಒಂದೆರಡು ದಿನದಲ್ಲೇ ಸಾಯಬಹುದು.

ಕೆಲವು ಜೋಡಿಗಳು ಕೊನೆಗೂ ತಬ್ಬಿ ಮಲಗುವುದಿಲ್ಲ. ಒಂದು ಕಿಟಕಿಯಲ್ಲಿ, ಇನ್ನೊಂದು ಕುರ್ಚಿಯ ಮೇಲೆ, ಒಂದನ್ನೊಂದು ಕೆಣಕದೆ ಇದ್ದರೆ ಅದೂ ಯಶಸ್ಸೇ. ಎರಡು ಮೂರು ತಿಂಗಳು ಸರಿಯಾಗಿ ಪ್ರಯತ್ನಿಸಿದ ಮೇಲೂ ರಕ್ತ ಬರುವ ಜಗಳ ನಿಲ್ಲದಿದ್ದರೆ ಮರಿಗೆ ಬೇರೆ ಮನೆ ಹುಡುಕಿ, ಅದೂ ಬೇಗ. ಪುಟ್ಟ ಮರಿಗೆ ಸಿಕ್ಕಷ್ಟು ಸುಲಭವಾಗಿ ಬೆಳೆದ ಬೆಕ್ಕಿಗೆ ಮನೆ ಸಿಗುವುದಿಲ್ಲ. ಗೋಣಿಚೀಲದಲ್ಲಿ ಹಾಕಿ ಮಾರುಕಟ್ಟೆಯ ಹತ್ತಿರ ಬಿಟ್ಟು ಬರುವ ಹಳೆಯ ರೂಢಿ ಬೇಡ. ಹಸಿವು ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ.