ಬುದ್ಧಿಮಾಪನವೂ ಧಾರವಾಡದ ಕನ್ನಡ ಮಕ್ಕಳೂ

ಬುದ್ಧಿಶಕ್ತಿಯು ವಂಶದಿಂದ ಬಂದುದೋ, ವಿದ್ಯಾಭ್ಯಾಸದಿಂದ ಒದಗಿದುದೋ ಎಂಬ ವಿವಾದವು ಹಳೆಯದು. 1905ರಲ್ಲಿ ಪ್ಯಾರಿಸಿನ ಬಿನೆ ಮತ್ತು ಸಿಮೊನ್ ರಚಿಸಿದ ಪರೀಕ್ಷೆಯ ಉದ್ದೇಶವು, ಪಾಠದಲ್ಲಿ ಹಿಂದೆ ಬಿದ್ದ ಮಕ್ಕಳನ್ನು ಗುರುತಿಸಿ ನೆರವಾಗುವುದಷ್ಟೇ ಆಗಿದ್ದಿತು. 1916ರಲ್ಲಿ ಅದನ್ನು ಅಮೆರಿಕೆಗೆ ಅಳವಡಿಸಿದ ಟರ್ಮನ್ ಅವರಾದರೋ, ಜನಾಂಗಗಳ ನಡುವಣ ಅಂತರವು ಹುಟ್ಟಿನಿಂದಲೇ ಬಂದುದೆಂದು ಬಗೆದರು.

ಆ ಅಳತೆಗೋಲು ಧಾರವಾಡಕ್ಕೆ ಬಂದಾಗ ಅದನ್ನೇ ತಿದ್ದಬೇಕಾಯಿತು. ವಿ. ವಿ. ಕಾಮತರು 1934ರಲ್ಲಿ ಅದನ್ನು ಕನ್ನಡ, ಮರಾಠಿ ಮಕ್ಕಳಿಗಾಗಿ ಪರಿಷ್ಕರಿಸಿದರು. ಇಲ್ಲಿಯ ಮಕ್ಕಳನ್ನೇ ಪರೀಕ್ಷಿಸಿ, ಯಾವ ಪ್ರಶ್ನೆ ಯಾವ ವಯಸ್ಸಿಗೆ ಸಲ್ಲುವುದೆಂಬುದನ್ನು ನಿರ್ಣಯಿಸಿದರು. ಪ್ರಶ್ನೆಯ ತೂಕವೇ ಭಾಷೆ, ಶಾಲೆ, ಮನೆಗಳೊಡನೆ ಬದಲಾಗುವುದಾದರೆ, ಅಂಕಗಳ ಅಂತರವನ್ನು ಜನಾಂಗದ ಹುಟ್ಟುಗುಣವೆಂದು ಸಾಧಿಸಲಾಗದು.

ಇಂದಿನ ವಂಶವಾಹಿ ಸಂಶೋಧನೆಗೂ ಈ ತೊಡಕು ತಪ್ಪಿಲ್ಲ. 2018ರಲ್ಲಿ ಯುರೋಪಿಯನ್ ಮೂಲದ ಸುಮಾರು 11 ಲಕ್ಷ ಜನರನ್ನು ಪರಿಶೀಲಿಸಿ, ಕಲಿತ ವರ್ಷಗಳೊಡನೆ ಸಂಬಂಧವುಳ್ಳ 1,271 ವಂಶಸೂಚಕಗಳನ್ನು ಗುರುತಿಸಲಾಯಿತು. ಈ ಅಧ್ಯಯನದಿಂದ ಕಟ್ಟಿದ ಅಂಕವು ಅದೇ ಮೂಲದವರಲ್ಲಿ ಶಿಕ್ಷಣದ ವ್ಯತ್ಯಾಸದ ಶೇಕಡಾ 11ರಿಂದ 13ರಷ್ಟನ್ನು ವಿವರಿಸಿದರೆ, ಆಫ್ರಿಕನ್ ಅಮೆರಿಕನ್ನರಲ್ಲಿ ಶೇಕಡಾ 1.6ರಷ್ಟನ್ನು ಮಾತ್ರ ವಿವರಿಸಿತು.

ಒಂದು ಸಮುದಾಯದಲ್ಲಿ ರೂಪುಗೊಂಡ ಅಳತೆಯಿಂದ ಇನ್ನೊಂದನ್ನು ತೂಗಲಾಗದೆಂಬುದನ್ನು ಧಾರವಾಡದ ಮಕ್ಕಳು ಮೊದಲೇ ತೋರಿದ್ದರು. ವಿಜಯವಾಡ, ಮಂಗಳಗಿರಿಗಳ ತೆಲುಗು ಶಾಲೆಯಲ್ಲಿ ಕಲಿಯುವ ಕನ್ನಡ ಮಗುವಿನ ಅಂಕವನ್ನೂ ಇದನ್ನರಿತೇ ಓದತಕ್ಕದ್ದು.